ಟಿಕೆಟ್ ಅಗ್ಗ, ಕಾಕ್‌ಪಿಟ್ ತುಟ್ಟಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ವಿಮಾನದ ಕತೆ ಹೊಸದೇನಲ್ಲ. ಸೀತೆಯನ್ನು ಪುಷ್ಪಕದಲ್ಲಿ ಹೊತ್ತೊಯ್ಯುತ್ತಿದ್ದ ರಾವಣನನ್ನು ಅಡ್ಡಗಟ್ಟಿ, ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಇಲ್ಲೇ ಎನ್ನುತ್ತದೆ ಸ್ಥಳಪುರಾಣ. ಬೆಟ್ಟದ ಮೇಲಿನ ಬಂಡೆಯಲ್ಲಿ ಅಶೋಕನ ಶಾಸನವೂ ಇದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆಗೆ ಇದನ್ನೂ ಬೆಳಕಿಗೆ ತಂದರು. ಸ್ವರ್ಗ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎಂಬುದು ಅದರಲ್ಲಿನ ಒಂದು ಮಾತಿನ ಸಾರ. ಈ ಸೀಮೆಯ ಹುಡುಗ ಹುಡುಗಿಯರಲ್ಲಿ ಕೆಲವರು ಈಗ ಕಣ್ಣಿಟ್ಟಿರುವುದು ಸ್ವರ್ಗಕ್ಕಿಂತ ತುಸು ಕೆಳಗಿನ ಜಾಗಕ್ಕೆ, ಅಂದರೆ ಅಗ್ಗದ ದರದ ವಿಮಾನ ಕಂಪನಿಯ ಕಾಕ್‌ಪಿಟ್ಟಿಗೆ. ಆ ಆಸೆಯ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಕೆಲವು ನಿರುಪದ್ರವಿ. ಕೆಲವು ಮಾತ್ರ ಹೊಲ ಮಾರಿಸುವಂಥವು.

“ಚಳ್ಳಕೆರೆಯಲ್ಲೇ ವಿಮಾನ ಹಾರಿಸ್ತಾರಲ್ಲ, ಇಲ್ಲೇ ಕಲೀಬಹುದು”

ಹಾರಿಸುತ್ತಾರೆ, ನಿಜ. ಆದರೆ ಒಳಗೆ ಯಾರೂ ಕೂತಿರುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒ ಕಟ್ಟಿರುವ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲು ಅದು. ಅಲ್ಲಿ ಮುಖ್ಯವಾಗಿ ಪರೀಕ್ಷೆಗೊಳಗಾಗುವುದು ರುಸ್ತುಂ, ತಪಸ್ ತರಹದ ಮಾನವರಹಿತ ವಿಮಾನಗಳು. 2024ರ ಮಾರ್ಚ್ 22ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಅದೇ ರನ್‌ವೇ ಮೇಲೆ ಇಳಿಸಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು, ಅದು ತನ್ನ ಪಾಡಿಗೆ ತಾನೇ ದಾರಿ ಹುಡುಕಿಕೊಂಡು ಬಂದಿಳಿಯಿತು. ಅದರ ಹೆಸರು ಪುಷ್ಪಕ್! ಜಟಾಯುವಿನ ಸೀಮೆಗೆ ಪುಷ್ಪಕ ಮತ್ತೆ ಬಂದದ್ದು ಹೀಗೆ, ಪೈಲಟ್ಟೇ ಇಲ್ಲದೆ.

ಈ ರೇಂಜಿಗೂ ವಿಮಾನ ಕಂಪನಿಗಳ ನೇಮಕಾತಿಗೂ ಸಂಬಂಧವಿಲ್ಲ. ಅದು ರಕ್ಷಣಾ ಸಂಶೋಧನೆಯ ಜಾಗ, ವಿಮಾನ ಹಾರಿಸಲು ಕಲಿಸುವ ಶಾಲೆಯಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್ ನಡೆಸಲು ಕೊಡುವ ರಿಮೋಟ್ ಪೈಲಟ್ ಸರ್ಟಿಫಿಕೇಟನ್ನೂ ವಿಮಾನದ ಪೈಲಟ್ ಲೈಸೆನ್ಸಿನ ಜೊತೆ ಬೆರೆಸಿಕೊಂಡವರಿದ್ದಾರೆ. ಡ್ರೋನ್ ಸರ್ಟಿಫಿಕೇಟಿಗೆ ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ ಸಾಕು, ಕಲಿಕೆ ಕೆಲವೇ ದಿನಗಳದ್ದು. ಒಳ್ಳೆಯ ಕಸುಬೇ. ಆದರೆ ಅದು ಏರ್‌ಬಸ್ಸಿಗೆ ಏರುವ ಮೊದಲ ಮೆಟ್ಟಿಲಲ್ಲ. ಅಲ್ಲಿ ಗಳಿಸಿದ ಗಂಟೆಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

“ಅಗ್ಗದ ಕಂಪನಿ, ಹಾಗಾಗಿ ಪೈಲಟ್ಟೂ ಎರಡನೇ ದರ್ಜೆ, ಸೇರೋದೂ ಸುಲಭ”

ಅಗ್ಗದ ವಿಮಾನಯಾನವನ್ನು ಭಾರತಕ್ಕೆ ತಂದದ್ದೇ ಕನ್ನಡಿಗರು. ಹಾಸನ ಜಿಲ್ಲೆಯ ಗೊರೂರಿನ ಜಿ.ಆರ್. ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರುಮಾಡಿದರು. ಕ್ಯಾಪ್ಟನ್ ಗೋಪಿನಾಥ್ ಎಂದು ಹೆಸರಾದ್ದರಿಂದ ಅವರೇ ವಿಮಾನ ಹಾರಿಸುತ್ತಿದ್ದರೆಂದು ತಿಳಿದವರು ಇಂದಿಗೂ ಇದ್ದಾರೆ. ಅದು ಭೂಸೇನೆಯ ಹುದ್ದೆ. ಅವರು ಕಂಪನಿ ಕಟ್ಟಿದವರೇ ಹೊರತು ಪೈಲಟ್ ಅಲ್ಲ.

ಟಿಕೆಟ್ ಅಗ್ಗವಾಗುವುದು ಪೈಲಟ್ಟಿನ ಗುಣಮಟ್ಟ ಇಳಿಸಿಯಲ್ಲ. ಆದಷ್ಟೂ ಒಂದೇ ಮಾದರಿಯ ವಿಮಾನ ಇಟ್ಟುಕೊಂಡರೆ ಬಿಡಿಭಾಗ, ರಿಪೇರಿ, ತರಬೇತಿ ಎಲ್ಲದರ ಖರ್ಚೂ ಇಳಿಯುತ್ತದೆ. ಇಳಿದ ವಿಮಾನ ಅರ್ಧ ಗಂಟೆಯೊಳಗೆ ಮತ್ತೆ ಏರಬೇಕು. ಊಟಕ್ಕೂ ಸಾಮಾನಿಗೂ ಬೇರೆ ಕಾಸು. ಲಾಭ ಹುಟ್ಟುವುದು ಇಲ್ಲಿ. ಲೈಸೆನ್ಸಿನ ವಿಷಯಕ್ಕೆ ಬಂದರೆ ಇಂಡಿಗೊಗೂ ಆಕಾಸಾಗೂ ಏರ್ ಇಂಡಿಯಾಗೂ ನಿಯಮ ಒಂದೇ: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಸಿಎ, ಹಾಕಿದ ನಿಯಮ. ಒಂದು ವ್ಯತ್ಯಾಸವಂತೂ ಇದೆ. ದಿನಕ್ಕೆ ಮೂರು ನಾಲ್ಕು ಸಲ ಏರಿಳಿಯುವ ಕೆಲಸ ಅಗ್ಗದ ಕಂಪನಿಗಳಲ್ಲಿ ಸಾಮಾನ್ಯ. ಹೀಗಾಗಿ ದಣಿವು ಹೆಚ್ಚು, ಅನುಭವವೂ ಬೇಗ.

“ಬಿಇ ಮಾಡಿರಬೇಕು, ಕನ್ನಡಕ ಇರಬಾರದು”

ಎರಡೂ ಸುಳ್ಳು. ಭೌತಶಾಸ್ತ್ರ, ಗಣಿತ ತೆಗೆದುಕೊಂಡು ಪಿಯುಸಿ ಪಾಸಾಗಿದ್ದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಅಂದರೆ ಸಿಪಿಎಲ್‌ಗೆ, ಓದಿನ ಅರ್ಹತೆ ಮುಗಿಯಿತು. ವಯಸ್ಸು 18 ಆಗಿರಬೇಕು. ಕಾಮರ್ಸ್ ಓದಿದವರು ಆ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಬರೆದುಕೊಂಡು ಬರುವುದೂ ಉಂಟು. ಏವಿಯೇಷನ್ ಹೆಸರಿನ ಬಿಬಿಎ, ಬಿಎಸ್ಸಿ ಕೋರ್ಸುಗಳು ಪೈಲಟ್ ಮಾಡುವುದಿಲ್ಲ. ಬೋರ್ಡಿನ ಮೇಲೆ ವಿಮಾನದ ಚಿತ್ರ ಕಂಡು ಸೇರುವವರು ಇದನ್ನು ಮೊದಲು ವಿಚಾರಿಸಬೇಕು. ಕನ್ನಡಕದಿಂದ ದೃಷ್ಟಿ ನಿಗದಿತ ಮಟ್ಟಕ್ಕೆ ಸರಿಹೋದರೆ ಅಡ್ಡಿಯಿಲ್ಲ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ಸೋತರೆ ಮಾತ್ರ ಕಷ್ಟ, ಮತ್ತು ತಮಗೆ ಆ ದೋಷವಿದೆ ಎಂಬುದು ಎಷ್ಟೋ ಜನರಿಗೆ ಆ ದಿನದವರೆಗೆ ಗೊತ್ತೇ ಇರುವುದಿಲ್ಲ. ಅದಕ್ಕೇ ಫೀಸು ಕಟ್ಟುವ ಮೊದಲು ಕ್ಲಾಸ್ 1 ಮೆಡಿಕಲ್ ಮುಗಿಸಿಕೊಳ್ಳಬೇಕು. ಚಿತ್ರದುರ್ಗ ಜಿಲ್ಲೆಯವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ.

ಕನ್ನಡ ಮಾಧ್ಯಮದವರ ಅಂಜಿಕೆಯಲ್ಲಿ ಅರ್ಧ ಹುರುಳಿದೆ. ರೇಡಿಯೊ ಮಾತುಕತೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅಂತರರಾಷ್ಟ್ರೀಯ ಮಾನದಂಡದ ನಾಲ್ಕನೇ ಹಂತದಷ್ಟಾದರೂ ಭಾಷೆ ಬರಬೇಕು. ಆದರೆ ಅವರು ಕೇಳುವುದು ಸ್ಪಷ್ಟತೆಯನ್ನು, ಕಾನ್ವೆಂಟ್ ಶೈಲಿಯನ್ನಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುತ್ತಾ ಬೆಳೆದ ಈ ಗಡಿಸೀಮೆಯ ಮಕ್ಕಳಿಗೆ ಮೂರನೆಯ ಭಾಷೆ ಅಂಥ ದೊಡ್ಡ ಗುಡ್ಡವಲ್ಲ. ಹೆಣ್ಣುಮಕ್ಕಳಿಗೆ ಈ ಕೆಲಸ ಒಗ್ಗದು ಎಂಬ ಮಾತಿಗೆ ಉದ್ದನೆಯ ಉತ್ತರ ಬೇಡ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್ಟಿನಲ್ಲಿದ್ದ ನಾಲ್ವರೂ ಮಹಿಳೆಯರು.

“ಪೈಲಟ್‌ಗಳು ಸಿಗ್ತಿಲ್ಲವಂತೆ, ಲೈಸೆನ್ಸ್ ಆದರೆ ಕೆಲಸ ಗ್ಯಾರಂಟಿ”

ಅತಿ ಹೆಚ್ಚು ಹಣ ಕಳೆಯುವ ನಂಬಿಕೆ ಇದು, ಯಾಕೆಂದರೆ ಇದರಲ್ಲಿ ಅರ್ಧ ನಿಜವಿದೆ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. 2024ರ ಜನವರಿಯಲ್ಲಿ ಆಕಾಸಾ ಇನ್ನೂ 150 ಸೇರಿಸಿತು. ಪತ್ರಿಕೆಗಳಲ್ಲಿ ‘ಸಾವಿರಾರು ಪೈಲಟ್‌ಗಳು ಬೇಕು’ ಎಂಬ ಶೀರ್ಷಿಕೆಗಳು ಬಂದವು. ತಪ್ಪಲ್ಲ. ಆದರೆ ಅವು ಒಂದೇ ದಿನ ಬಂದು ನಿಲ್ಲುವ ವಿಮಾನಗಳಲ್ಲ, ಹತ್ತಾರು ವರ್ಷ ಹರಡಿಕೊಂಡು ಬರುವಂಥವು. ಅದಕ್ಕಿಂತ ಮುಖ್ಯವಾದ ಮಾತು: ನಿಜವಾದ ಕೊರತೆ ಇರುವುದು ಎಡಗಡೆ ಸೀಟಿನಲ್ಲಿ, ಕ್ಯಾಪ್ಟನ್‌ಗಳದ್ದು. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೆ ಕನಿಷ್ಠ 1,500 ಗಂಟೆ ಹಾರಿರಬೇಕು. ಹೊಸ ಸಿಪಿಎಲ್ ಹಿಡಿದು ಬಂದವನ ಖಾತೆಯಲ್ಲಿರುವುದು 200 ಗಂಟೆ. 2023ರಲ್ಲಿ ಡಿಜಿಸಿಎ ಕೊಟ್ಟ ಸಿಪಿಎಲ್‌ಗಳು 1,622. ಅವರೆಲ್ಲ ನಿಲ್ಲುವುದು ಬಲಗಡೆ ಸೀಟಿನ, ಅಂದರೆ ಸಹಪೈಲಟ್ ಕೆಲಸದ, ಒಂದೇ ಸಾಲಿನಲ್ಲಿ.

ಆ ಸಾಲಿಗೆ ಮುಂದಿನಿಂದಲೂ ಜನ ಸೇರಿಕೊಳ್ಳುತ್ತಾರೆ. 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಾಗ ಸಾವಿರಾರು ಗಂಟೆ ಹಾರಿದವರು ಕೆಲಸ ಹುಡುಕುತ್ತಾ ಬೇರೆ ಕಂಪನಿಗಳ ಬಾಗಿಲಿಗೆ ಬಂದರು. ಏರ್‌ಬಸ್ ಎ320 ಹಾರಿಸಿ ಪಳಗಿದವರು ಎದುರಿಗಿದ್ದಾಗ, ಪುಟ್ಟ ಸೆಸ್ನಾ ವಿಮಾನದಲ್ಲಿ ಕಲಿತು ಬಂದವನನ್ನು ಯಾವ ಕಂಪನಿ ಮೊದಲು ಕರೆದೀತು?

2025ರ ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ವಿಮಾನಗಳನ್ನು ರದ್ದುಮಾಡಿದಾಗಲೂ ಇದೇ ನಂಬಿಕೆ ಗರಿಗೆದರಿತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ ಹೊಸ ನಿಯಮಕ್ಕೆ ಕಂಪನಿ ಸಿದ್ಧವಾಗಿರಲಿಲ್ಲ. ಜನ ಸಾಲದು ಎಂಬುದು ದೇಶಕ್ಕೆಲ್ಲ ಕಂಡಿತು. ಆದರೆ ಅಂಥ ಬಿಕ್ಕಟ್ಟು ಹೊಸಬರ ನೇಮಕದಿಂದ ಮರುದಿನ ಬಗೆಹರಿಯುವುದಿಲ್ಲ. ಇವತ್ತು ಆಯ್ಕೆಯಾದವನು ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಲು ತಿಂಗಳುಗಟ್ಟಲೆ ತರಬೇತಿ ಬೇಕು. ನಿಯಮಕ್ಕೆ ತಾತ್ಕಾಲಿಕ ವಿನಾಯಿತಿ ಕೇಳಿದ್ದು ಅದಕ್ಕೇ.

ಲೈಸೆನ್ಸ್ ಕೈಗೆ ಬರುವುದೇ ಒಂದು ಯಾತ್ರೆ. ಏರ್ ನ್ಯಾವಿಗೇಷನ್, ಹವಾಮಾನ, ವಾಯುಯಾನ ನಿಯಮ, ತಾಂತ್ರಿಕ ಪತ್ರಿಕೆಗಳು, ಪ್ರತಿಯೊಂದರಲ್ಲೂ 70 ಅಂಕ ಬೇಕು. ಜೊತೆಗೆ ರೇಡಿಯೊ ಪರವಾನಗಿ. 200 ಗಂಟೆಯಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ ಹಾರಿರಬೇಕು. ಆಮೇಲೆ ಟೈಪ್ ರೇಟಿಂಗ್, ಅಂದರೆ ಕಂಪನಿ ಬಳಸುವ ಮಾದರಿಯ ವಿಮಾನವನ್ನೇ ಸಿಮ್ಯುಲೇಟರ್‌ನಲ್ಲಿ ಕಲಿತು ಲೈಸೆನ್ಸಿನ ಮೇಲೆ ಬರೆಸಿಕೊಳ್ಳುವುದು. ಕಂಪನಿಯ ಆಯ್ಕೆಯೇ ಬೇರೆ: ಲಿಖಿತ ಪರೀಕ್ಷೆ, ಕಂಪ್ಯೂಟರ್ ಮೇಲೆ ಕೈ ಕಣ್ಣುಗಳ ಹೊಂದಾಣಿಕೆ ನೋಡುವ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ. ಕೆಲಸ ಸಿಗದೆ ಕೂತವರ ಲೈಸೆನ್ಸ್ ಸುಮ್ಮನೆ ಬೀರುವಿನಲ್ಲಿರುವುದಿಲ್ಲ. ಕ್ಲಾಸ್ 1 ಮೆಡಿಕಲ್ ಮತ್ತು ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಅನ್ನು ವರ್ಷ ವರ್ಷ ನವೀಕರಿಸಬೇಕು. ಅದೂ ದುಡ್ಡೇ.

“ಬ್ಯಾಂಕ್ ಸಾಲ ಕೊಡುತ್ತೆ, ಒಂದೆರಡು ವರ್ಷದಲ್ಲಿ ತೀರುತ್ತೆ”

ಸಿಪಿಎಲ್‌ಗೆ ಈಗ ಭಾರತದಲ್ಲಿ ಸುಮಾರು 50 ಲಕ್ಷ ರೂಪಾಯಿ, ಕೆಲವೆಡೆ ಇನ್ನೂ ಹೆಚ್ಚು. ಟೈಪ್ ರೇಟಿಂಗ್‌ಗೆ ಮತ್ತೆ 15–20 ಲಕ್ಷದ ಆಸುಪಾಸು. ವಿಮಾನ ಕಂಪನಿಗಳೇ ತರಬೇತಿ ಶಾಲೆಗಳ ಜೊತೆ ಸೇರಿ ನಡೆಸುವ ಕೆಡೆಟ್ ಪೈಲಟ್ ಯೋಜನೆಗಳಲ್ಲಿ ಆಯ್ಕೆ ಮೊದಲು, ತರಬೇತಿ ಆಮೇಲೆ. ಖರ್ಚು ಕೋಟಿಯನ್ನು ಮುಟ್ಟಬಹುದು. ಮೊದಲೇ ಒಂದು ಭರವಸೆ ಪತ್ರ ಸಿಗುತ್ತದೆ ಎಂಬುದು ಅದರ ಲಾಭ, ಆದರೆ ಅದು ಷರತ್ತುಬದ್ಧ ಪತ್ರ. ತರಬೇತಿಯ ಪ್ರತಿ ಹಂತ ಪಾಸಾಗಬೇಕು, ಆ ಹೊತ್ತಿಗೆ ಕಂಪನಿಗೂ ಜನ ಬೇಕಿರಬೇಕು. ನನ್ನನ್ನು ಕೇಳಿದರೆ, ದುಡ್ಡಿದ್ದವರಿಗೆ ಇದೇ ಹೆಚ್ಚು ಪ್ರಾಮಾಣಿಕ ದಾರಿ. ಆಯ್ಕೆಯಲ್ಲಿ ಸೋಲುವುದಾದರೆ ಫೀಸು ಕಟ್ಟುವ ಮೊದಲೇ ಸೋಲುತ್ತೀರಿ.

ಅಡಮಾನವಿಲ್ಲದ ಶಿಕ್ಷಣ ಸಾಲ ಇಷ್ಟು ದೊಡ್ಡ ಮೊತ್ತಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಶೇಂಗಾ ಹೊಲವನ್ನು ಅಡವಿಡುತ್ತೇನೆಂದರೂ ಎಷ್ಟೋ ಬ್ಯಾಂಕುಗಳು ಹಿಂಜರಿಯುತ್ತವೆ, ಏಕೆಂದರೆ ಸಾಲ ವಸೂಲಿಗೆಂದಿರುವ 2002ರ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ವಶಪಡಿಸಿಕೊಳ್ಳಲು ಬರುವುದಿಲ್ಲ. ಅವು ಕೇಳುವುದು ಪಟ್ಟಣದ ಮನೆ, ಸೈಟು. ಅದಿಲ್ಲದವರು ಜಮೀನನ್ನೇ ಮಾರುವ ಯೋಚನೆಗೆ ಬೀಳುತ್ತಾರೆ. ಮೊದಲ ತಿಂಗಳಿಂದಲೇ ಲಕ್ಷಗಟ್ಟಲೆ ಸಂಬಳ ಎಂಬ ಲೆಕ್ಕವೂ ತಪ್ಪು. ತರಬೇತಿ ಮುಗಿದು ಲೈನಿಗೆ, ಅಂದರೆ ಪ್ರಯಾಣಿಕರಿರುವ ಹಾರಾಟಕ್ಕೆ, ಬಿಡುವವರೆಗೆ ಪೂರ್ತಿ ಸಂಬಳ ಕೈಗೆ ಬರುವುದಿಲ್ಲ, ಇಂತಿಷ್ಟು ವರ್ಷ ಬಿಟ್ಟು ಹೋಗಬಾರದೆಂಬ ಬಾಂಡೂ ಇರಬಹುದು. ಇವೆಲ್ಲ ದಾಟಿದ ಮೇಲೆ ಸಂಬಳ ಚೆನ್ನಾಗಿಯೇ ಇರುತ್ತದೆ. ಅಲ್ಲಿಯವರೆಗಿನ ಬಡ್ಡಿಯನ್ನು ಯಾರು ಕಟ್ಟುತ್ತಾರೆ ಎಂಬುದೇ ಪ್ರಶ್ನೆ.

ಹಾಗಾದರೆ ಇಲ್ಲದವರಿಗೆ ದಾರಿಯೇ ಇಲ್ಲವೇ? ಕಡಿದಾದದ್ದು, ಆದರೆ ಇದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿನ ಮಕ್ಕಳಿಗೆ ಮೀಸಲಾತಿಯ ಮಾಹಿತಿ ಮೊದಲು ತಲುಪಬೇಕು. ರಾಯ್‌ಬರೇಲಿ ಹತ್ತಿರದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ. ಅಲ್ಲಿ ಪ್ರವೇಶ ಪರೀಕ್ಷೆ ಇದೆ, ಮೀಸಲು ಸೀಟುಗಳೂ ಇವೆ. ರಾಜ್ಯದಲ್ಲೇ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ, ಕಲಬುರಗಿ ಮತ್ತು ಬೆಳಗಾವಿ ವಿಮಾನ ನಿಲ್ದಾಣಗಳಲ್ಲಿ ಖಾಸಗಿ ಶಾಲೆಗಳು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಗಳ ಜಿಲ್ಲಾ ಕಚೇರಿಯಲ್ಲಿ ಆ ವರ್ಷದ ನೆರವಿನ ಬಗ್ಗೆ ಕೇಳಬೇಕು, ಏಜೆಂಟನ ಬಳಿ ಅಲ್ಲ. ದುಡ್ಡು ಕೊಟ್ಟರೆ ಒಳಗಿಂದಲೇ ಮಾಡಿಸಿಕೊಡುತ್ತೇವೆ ಎನ್ನುವವರೂ ಸಿಗುತ್ತಾರೆ. ನಕಲಿ ಅಂಕಪಟ್ಟಿ ಕೊಟ್ಟು ಎಟಿಪಿಎಲ್ ಪಡೆದವರು 2011ರಲ್ಲಿ ಸಿಕ್ಕಿಬಿದ್ದು ಜೈಲು ಕಂಡದ್ದು ಅವರಿಗೂ ಗೊತ್ತಿರುತ್ತದೆ, ಹೇಳುವುದಿಲ್ಲ ಅಷ್ಟೆ.

ಶಾಲೆ ಆರಿಸುವಾಗ ಕಟ್ಟಡ, ಯೂನಿಫಾರ್ಮ್ ನೋಡಿ ಮರುಳಾಗಬಾರದು. 2025ರಲ್ಲಿ ಡಿಜಿಸಿಎ ಮೊದಲ ಸಲ ಹಾರಾಟ ತರಬೇತಿ ಶಾಲೆಗಳಿಗೆ ದರ್ಜೆ ಕೊಟ್ಟಾಗ ದೇಶದ ಒಂದು ಶಾಲೆಗೂ ಮೇಲಿನ ದರ್ಜೆ ಸಿಗಲಿಲ್ಲ. ಆ ಪಟ್ಟಿ ತೆರೆದು ನೋಡಿ. ಶಾಲೆಯಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಈ ವಾರ ಹಾರಲು ಸಿದ್ಧವಿರುವ ವಿಮಾನಗಳೆಷ್ಟು, ಕಲಿಸುವವರೆಷ್ಟು ಎಂದು ಕೇಳಿ. ಹಿಂದಿನ ವರ್ಷ ಸೇರಿದವನನ್ನು ಬೇರೆಯಾಗಿ ಕರೆದು, ಇದುವರೆಗೆ ಎಷ್ಟು ಗಂಟೆ ಹಾರಿದ್ದೀಯಪ್ಪಾ ಎಂದು ವಿಚಾರಿಸಿ. ವರ್ಷ ಕಳೆದರೂ ಐವತ್ತು ಗಂಟೆ ದಾಟಿಲ್ಲ ಅಂದರೆ ಬಸ್ ಹತ್ತಿ ವಾಪಸ್ ಬನ್ನಿ.