‘ಇನ್ನೊಂದು ಬಕೆಟ್ ನೀರು ಹಾಕೋ!’

ಮನೆ ಕಟ್ಟುವಾಗ ತಾರಸಿ ಹಾಕುವ ದಿನಕ್ಕೊಂದು ಗತ್ತು ಇರುತ್ತದೆ. ಎಂಜಿನಿಯರ್ ಬಂದು ಕಂಬಿ ನೋಡುತ್ತಾರೆ, ಮನೆಯವರು ಪೂಜೆ ಮಾಡಿ ಸಿಹಿ ಹಂಚುತ್ತಾರೆ. ಅದೇ ಮನೆಯ ಗೇಟಿನಿಂದ ಪೋರ್ಟಿಕೊವರೆಗೆ ಹಾಕುವ ಕಾಂಕ್ರೀಟಿಗೆ ಮಾತ್ರ ಯಾರೂ ಬರುವುದಿಲ್ಲ. ಅಷ್ಟು ಹೊತ್ತಿಗೆ ದುಡ್ಡು ಖಾಲಿ, ಗೃಹಪ್ರವೇಶದ ಕಾರ್ಡು ಅಚ್ಚಾಗಿ ಕೂತಿರುತ್ತದೆ. ಉಳಿದ ಜಲ್ಲಿ, ಉಳಿದ ಎಂ-ಸ್ಯಾಂಡ್, ಒಂದಿಷ್ಟು ಚೀಲ ಸಿಮೆಂಟ್, ಒಂದು ಭಾನುವಾರ. ಮುಗೀತು ಕೆಲಸ. ಆದರೆ ಕಾರು ನಿಲ್ಲುವುದು, ಮಳೆ ಬೀಳುವುದು, ಬಿಸಿಲು ಕಾಯುವುದು ಎಲ್ಲ ಇದರ ಮೇಲೆಯೇ.

ನಾನು ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್. ಅಪ್ಪ ದಾವಣಗೆರೆಯಲ್ಲಿ ಗಾರೆ ಮೇಸ್ತ್ರಿ. ಇಂಥ ಅಂಗಳದ ಕೆಲಸಗಳೇ ಅವರಿಗೆ ಹೆಚ್ಚಾಗಿ ಸಿಗುವುದು. ನನ್ನ ಫೀಸಿನ ಒಂದು ಪಾಲು ಬಂದಿದ್ದೂ ಅದರಿಂದಲೇ. ಹಾಗಾಗಿ ಅಂಗಳ ಬಿರುಕು ಬಿಟ್ಟರೆ ಅದು ನನಗೆ ಬರೀ ಪಠ್ಯದ ವಿಷಯವಲ್ಲ. ಕಳೆದ ಬೇಸಿಗೆಯಲ್ಲಿ ಒಬ್ಬ ಮಾಲೀಕರು ಕೊನೆಯ ಕಂತು ಕೊಡಲೇ ಇಲ್ಲ. ಕಾಂಕ್ರೀಟ್ ಹಾಕಿ ತಿಂಗಳಾಗುವ ಮೊದಲೇ ನಟ್ಟನಡುವೆ ಅಡ್ಡಕ್ಕೊಂದು ಬಿರುಕು ಬಿದ್ದಿತ್ತು. ‘ಸಿಮೆಂಟ್ ಕಮ್ಮಿ ಹಾಕಿದ್ದೀರಿ’ ಎಂದರು. ಚೀಲ ತರಿಸಿದ್ದೂ ಅವರೇ, ಖಾಲಿ ಚೀಲ ಎಣಿಸಿದ್ದೂ ಅವರೇ!

ಬಿರುಕು ಬಿದ್ದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸಿಮೆಂಟಿನ ಮೇಲೆ. ನೀರನ್ನು ಯಾರೂ ಅನುಮಾನಿಸುವುದಿಲ್ಲ. ಕಾಂಕ್ರೀಟಿಗೆ ನಮ್ಮ ದೇಶದಲ್ಲಿರುವ ಮುಖ್ಯ ಸಂಹಿತೆ ಐಎಸ್ 456. ಅದರ 2000ದ ಆವೃತ್ತಿಯಲ್ಲಿ ಒಂದು ಪುಟ್ಟ ಕೋಷ್ಟಕವಿದೆ: ಎಂ20 ಕಾಂಕ್ರೀಟನ್ನು ಸೈಟಿನಲ್ಲೇ ಕಲಸುವುದಾದರೆ 50 ಕೆ.ಜಿ. ಚೀಲವೊಂದಕ್ಕೆ ಮರಳು, ಜಲ್ಲಿ ಸೇರಿ 250 ಕೆ.ಜಿ., ನೀರು ಹೆಚ್ಚೆಂದರೆ 30 ಲೀಟರ್. ಮೇಸ್ತ್ರಿಗಳ ಬಾಯಲ್ಲಿ ಇದೇ ‘ಒಂದು, ಒಂದೂವರೆ, ಮೂರು’. ಮೊದಲ ಮೂರು ಅಂಕಿ ಎಲ್ಲರಿಗೂ ಬಾಯಿಪಾಠ. ನಾಲ್ಕನೆಯದು, ಆ 30 ಲೀಟರ್, ಯಾರ ಬಾಯಲ್ಲೂ ಇಲ್ಲ.

ಸಿಮೆಂಟಿನ ರಾಸಾಯನಿಕ ಕ್ರಿಯೆಗೆ ಬೇಕಾಗುವುದು ಅದರ ತೂಕದ ಸುಮಾರು ಕಾಲು ಭಾಗದಷ್ಟು ನೀರು. ಉಳಿದದ್ದು ಕಲಸಲು, ಹರಡಲು. ಕೆಲಸ ಮುಗಿದ ಮೇಲೆ ಆ ನೀರು ಆವಿಯಾಗಿ ಹೋಗುತ್ತದೆ, ತಾನಿದ್ದ ಜಾಗವನ್ನು ಸಣ್ಣ ಸಣ್ಣ ತೂತುಗಳಾಗಿ ಬಿಟ್ಟು ಹೋಗುತ್ತದೆ. ನೀರು ಹೆಚ್ಚಿದಷ್ಟೂ ತೂತು ಹೆಚ್ಚು, ಕುಗ್ಗುವುದೂ ಹೆಚ್ಚು. ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕಮ್ಮಿ ಎಂದು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ಪ್ರಕಟಿಸಿದ್ದರು. ನೂರು ವರ್ಷ ದಾಟಿದರೂ ಸೈಟಿನಲ್ಲಿ ಇವತ್ತಿಗೂ ಕೇಳುವ ಮಾತು ಒಂದೇ: ‘ಇನ್ನೊಂದು ಬಕೆಟ್ ನೀರು ಹಾಕೋ!’

ಹಾಗಂತ ಕೆಲಸಗಾರರನ್ನು ಬೈದು ಪ್ರಯೋಜನವಿಲ್ಲ. ಗಟ್ಟಿ ಕಾಂಕ್ರೀಟನ್ನು ಸಲಿಕೆಯಲ್ಲಿ ಎಳೆದು ನೋಡಿದವರಿಗೆ ಗೊತ್ತು, ಮಧ್ಯಾಹ್ನದ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಬಕೆಟ್ ನೀರು ಅವರಿಗೆ ಸೋಮಾರಿತನವಲ್ಲ, ನೋವು ನಿವಾರಕ. ಚೀಲದ ಲೆಕ್ಕದಲ್ಲಿ ಬೆರೆಸುವ ಪ್ಲಾಸ್ಟಿಸೈಸರ್ ಡಬ್ಬ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಡಬ್ಬದ ಮೇಲಿನ ಅಳತೆಯಂತೆ ಹಾಕಿದರೆ ಹೆಚ್ಚುವರಿ ನೀರಿಲ್ಲದೆಯೇ ಕಾಂಕ್ರೀಟ್ ಸಡಿಲವಾಗುತ್ತದೆ. ಮಾಲೀಕರು ‘ಅದೆಲ್ಲ ಯಾಕೆ’ ಎನ್ನುತ್ತಾರೆ, ಅಷ್ಟೇ. ಇನ್ನೊಂದು ವಿಷಯ, ಎಂ-ಸ್ಯಾಂಡ್ ಒದ್ದೆಯಾಗಿದ್ದರೆ ಅದರಲ್ಲೇ ನೀರಿರುತ್ತದೆ. ಒಂದು ಚೀಲಕ್ಕೆ ಸುಮಾರು 83 ಕೆ.ಜಿ. ಮರಳು ಬೀಳುತ್ತದೆ. ತೇವ ಶೇ 5 ಇದ್ದರೂ ನಾಲ್ಕು ಲೀಟರ್ ಆಗಲೇ ಒಳಗೆ ಬಂದಾಯಿತು. ಅಷ್ಟನ್ನು ಬಕೆಟ್ಟಿನಿಂದ ಕಳೆಯಬೇಕು. ಈಗ ಅಪ್ಪನ ಬಕೆಟ್ಟಿಗೆ ನಾನು ಪೇಂಟಿನಲ್ಲಿ ಗೆರೆ ಎಳೆದುಕೊಟ್ಟಿದ್ದೇನೆ. ಲ್ಯಾಬಿನಲ್ಲಾದರೆ 30 ಸೆಂ.ಮೀ. ಎತ್ತರದ ಸ್ಲಂಪ್ ಕೋನ್‌ಗೆ ತುಂಬಿ, ಮೇಲೆತ್ತಿ, ಎಷ್ಟು ಕುಸಿಯಿತು ಎಂದು ಅಳೆಯುತ್ತೇವೆ. ಅಪ್ಪ ಮುಷ್ಟಿಯಲ್ಲಿ ಉಂಡೆ ಕಟ್ಟಿ ನೋಡುತ್ತಾರೆ.

ಆ ಮಾಲೀಕರ ಅಂಗಳದ ಬಿರುಕಿಗೆ ಇನ್ನೊಂದು ಕಾರಣವೂ ಇತ್ತು. ಒಂಬತ್ತು ಮೀಟರ್ ಉದ್ದಕ್ಕೆ ಒಂದೇ ಹಾಸು. ಕಾಂಕ್ರೀಟ್ ಒಣಗುತ್ತಾ ಕುಗ್ಗಲೇಬೇಕು, ಕುಗ್ಗಿದ್ದು ಎಲ್ಲಾದರೂ ಒಂದು ಕಡೆ ಸೀಳಲೇಬೇಕು. ಎಲ್ಲಿ ಸೀಳಬೇಕು ಎಂದು ನಾವೇ ಮೊದಲು ಹೇಳಿಬಿಡುವುದೇ ಜಾಯಿಂಟ್. ನಾಲ್ಕು ಇಂಚು ದಪ್ಪದ ಹಾಸಿಗೆ ಹೆಚ್ಚೆಂದರೆ ಮೂರು ಮೀಟರಿಗೊಂದರಂತೆ, ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಗೆರೆ ಕೊಯ್ಯಬೇಕು. ಬಿರುಕು ಆ ಗೆರೆಯೊಳಗೇ ಅಡಗಿ ಕೂರುತ್ತದೆ. ಹಳೇ ಮನೆಗಳ ಮೊಸಾಯಿಕ್ ನೆಲದಲ್ಲಿ ಗಾಜಿನ ಪಟ್ಟಿ ಇಟ್ಟು ಚೌಕ ಮಾಡುತ್ತಿದ್ದರಲ್ಲ, ಅದರ ಹಿಂದೆಯೂ ಇದೇ ಬುದ್ಧಿ. ಅಪ್ಪ ಅಂದು ಗೆರೆ ಹಾಕುತ್ತೇನೆಂದು ಹೇಳಿದ್ದರು. ‘ಹೊಸ ಅಂಗಳಕ್ಕೆ ಗೆರೆ ಯಾಕ್ರೀ, ಅಸಹ್ಯ’ ಎಂಬ ಉತ್ತರ ಬಂತು. ಕಬ್ಬಿಣದ ಜಾಲರಿ ಹಾಕಿದ್ದೇವಲ್ಲ ಎಂಬ ಧೈರ್ಯ ಬೇರೆ. ಜಾಲರಿ ಬಿರುಕನ್ನು ತಡೆಯುವುದಿಲ್ಲ, ಬಿರುಕು ಬಾಯಿ ಬಿಡದಂತೆ ಹಿಡಿದುಕೊಳ್ಳುತ್ತದೆ. ಅದೂ ಕವರ್ ಬ್ಲಾಕ್ ಇಟ್ಟು ಹಾಸಿನ ಮೇಲರ್ಧದಲ್ಲಿ ಕೂರಿಸಿದರೆ ಮಾತ್ರ. ನೆಲದ ಮೇಲೆ ಹಾಸಿ ಮೇಲೆ ಕಾಂಕ್ರೀಟ್ ಸುರಿದರೆ ಅದು ಮಣ್ಣಿಗೆ ಹಾಕಿದ ಕಬ್ಬಿಣ.

ಎರೆ ಮಣ್ಣಿನ ಸೈಟಾದರೆ ಕಥೆಯೇ ಬೇರೆ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಅದನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡದಿದ್ದರೆ ಮೇಲೆ ಏನು ಹಾಕಿದರೂ ಅಷ್ಟೇ.

ಫಿನಿಶಿಂಗ್‌ನಲ್ಲಿ ಮಾತ್ರ ನಾನು ಅಪ್ಪನ ವಿದ್ಯಾರ್ಥಿ. ಕಾಂಕ್ರೀಟ್ ಹಾಕಿ ಮಟ್ಟ ಮಾಡಿದ ಸ್ವಲ್ಪ ಹೊತ್ತಿಗೆ ಮೇಲೆ ತೆಳುವಾಗಿ ನೀರು ಜಿನುಗುತ್ತದೆ. ಆ ನೀರಿನ ಮೇಲೆ ಕರಣೆ ಆಡಿಸಬಾರದು. ಹಲವರು ಅದರ ಮೇಲೆ ಒಣ ಸಿಮೆಂಟ್ ಉದುರಿಸಿ ಕನ್ನಡಿಯಂತೆ ಉಜ್ಜುತ್ತಾರೆ. ನೋಡಲು ಚೆಂದ, ಆದರೆ ಆ ತೆಳು ಪದರ ವರ್ಷ ಕಳೆಯುವುದರೊಳಗೆ ಪುಡಿಯಾಗಿ ಏಳತೊಡಗುತ್ತದೆ. ಅಪ್ಪ ಬೀಡಿ ಹಚ್ಚಿ ಕಾಯುತ್ತಾರೆ. ಹೊಳಪು ಆರಿದ ಮೇಲೆ ಹೆಬ್ಬೆರಳು ಒತ್ತಿ, ಗುರುತು ಬಿದ್ದರೂ ಬೆರಳು ಒಳಗಿಳಿಯದಿದ್ದರೆ ಆಗ ಕರಣೆ ಹಿಡಿಯುತ್ತಾರೆ. ಬಿಸಿಲಿದ್ದರೆ ಬೇಗ, ಮೋಡವಿದ್ದರೆ ತಡ. ಇದಕ್ಕೆ ಗಡಿಯಾರದ ಲೆಕ್ಕವಿಲ್ಲ.

ಆಮೇಲೊಂದು ಜಗಳ. ಸ್ಕೂಟರ್ ಜಾರಬಾರದು ಎಂದರೆ ಮೇಲ್ಮೈ ಒರಟಾಗಿರಬೇಕು. ಹಸಿ ಇರುವಾಗಲೇ ಅಡ್ಡಕ್ಕೆ ಪೊರಕೆ ಎಳೆದರೆ ಸಾಕು. ಆದರೆ ರಂಗೋಲಿ ಹಾಕುವವರಿಗೆ ನುಣುಪು ಬೇಕು! ಯಾವ ಸಂಹಿತೆಯಲ್ಲೂ ಇದಕ್ಕೆ ಪರಿಹಾರ ನೋಡಿದ ನೆನಪಿಲ್ಲ. ಅಪ್ಪ ಹೊಸ್ತಿಲ ಮುಂದೆ ಒಂದು ಚೌಕ ನುಣುಪು ಬಿಟ್ಟು, ಉಳಿದದ್ದಕ್ಕೆ ಪೊರಕೆ ಎಳೆಯುತ್ತಾರೆ. ಇಳಿಜಾರು ಐವತ್ತಕ್ಕೆ ಒಂದು, ಅಂದರೆ ಮೂರು ಮೀಟರಿಗೆ ಆರು ಸೆಂ.ಮೀ., ಬೀದಿ ಕಡೆಗೆ.

ಇನ್ನು ಕ್ಯೂರಿಂಗ್. ಸೈಟ್ ಎಂಜಿನಿಯರ್ ಕೆಲಸದ ಸಂದರ್ಶನಕ್ಕೆ ಹೋಗುವವರು ಗಮನಿಸಿ, ‘ಎಷ್ಟು ದಿನ ನೀರು ಹಾಕಬೇಕು’ ಎಂದರೆ ನಮ್ಮ ಕ್ಲಾಸಿನಲ್ಲೇ ಅರ್ಧ ಜನ 28 ಎನ್ನುತ್ತಾರೆ. 28 ಎನ್ನುವುದು ಕ್ಯೂಬ್ ಪರೀಕ್ಷೆಯ ದಿನ. 15 ಸೆಂ.ಮೀ.ನ ಆ ಕ್ಯೂಬ್ ಎಂ20 ಅನಿಸಿಕೊಳ್ಳಲು ಅಂದು ಸುಮಾರು 46 ಟನ್ ಭಾರ ತಡೆಯಬೇಕು. ಕ್ಯೂರಿಂಗ್‌ಗೆ ಐಎಸ್ 456 ಹೇಳುವುದು ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಂಥದ್ದಕ್ಕೆ 10, ಸಾಧ್ಯವಾದರೆ 14. ಬಿರುಬಿಸಿಲಿನಲ್ಲಿ ಯಾವುದಕ್ಕೂ 10ಕ್ಕಿಂತ ಕಮ್ಮಿ ಇಲ್ಲ. ಈಗ ಮನೆಗಳಿಗೆ ಬರುವ ಚೀಲಗಳಲ್ಲಿ ಪಿಪಿಸಿಯೇ ಹೆಚ್ಚು. ಚೀಲದ ಮೇಲೆ ಬರೆದಿರುತ್ತದೆ, ಓದಿಕೊಳ್ಳಬಹುದು. ನೀರಿನ ಅಭಾವವಿದ್ದರೆ ಗೋಣಿಚೀಲ ನೆನೆಸಿ ಹಾಸಿ, ಮೇಲೆ ಪ್ಲಾಸ್ಟಿಕ್ ಶೀಟ್ ಮುಚ್ಚಿದರೆ ಒಂದೆರಡು ಕೊಡದಲ್ಲಿ ದಿನ ಕಳೆಯುತ್ತದೆ.

ತೊಡಕು ಏನೆಂದರೆ, ಮೇಸ್ತ್ರಿಯ ಕೂಲಿ ಕಾಂಕ್ರೀಟ್ ಹಾಕಿದ ಸಂಜೆಗೇ ಮುಗಿಯುತ್ತದೆ. ಮರುದಿನದಿಂದ ನೀರು ಹಾಕುವುದು ಯಾರ ಕೆಲಸ ಎಂದು ಯಾರೂ ಮಾತಾಡಿರುವುದಿಲ್ಲ. ಬಿರುಕು ಬಿಟ್ಟಾಗ ಮಾತ್ರ ಎಲ್ಲರೂ ಮಾತಾಡುತ್ತಾರೆ. ಆ ಕೊನೆಯ ಕಂತು ಇವತ್ತಿಗೂ ಬಂದಿಲ್ಲ. ಈಗ ಅಪ್ಪ ಕೊಡುವ ಕೊಟೇಶನ್ ಚೀಟಿಯಲ್ಲಿ ನನ್ನ ಅಕ್ಷರದಲ್ಲಿ ಎರಡು ಸಾಲು ಹೆಚ್ಚಿಗೆ ಇರುತ್ತವೆ: ‘ಮೂರು ಮೀಟರಿಗೊಂದು ಗೆರೆ. 14 ದಿನ ನೀರು ಮನೆಯವರದು.’ ಕೆಳಗೆ ಸಹಿಗೆ ಜಾಗ. ಕೆಲವರು ನಕ್ಕು ಸಹಿ ಹಾಕುತ್ತಾರೆ. ಮೊನ್ನೆ ಒಬ್ಬರು ಬೇರೆ ಮೇಸ್ತ್ರಿಯನ್ನು ಹುಡುಕಿಕೊಂಡರು.