ಹೆಸರಿನ ಬೆಲೆ: ಹವಾನಾ ಸಿಗಾರ್‌ಗಳು ಕಲಿಸುವ ವ್ಯಾಪಾರ ಪಾಠ

ಕ್ಯೂಬಾ ದೇಶದ ಹವಾನಾ ಸಿಗಾರ್‌ಗಳ ಪೈಕಿ ಕೊಹಿಬಾ, ಮಾಂಟೆಕ್ರಿಸ್ಟೊ, ರೋಮಿಯೊ ಇ ಹುಲಿಯೆಟಾ ಎಂಬ ಹೆಸರುಗಳು ಜಗತ್ಪ್ರಸಿದ್ಧವಾಗಿವೆ. ಇವೇ ಹೆಸರುಗಳ ಸಿಗಾರ್‌ಗಳನ್ನು ಸಮೀಪದ ಡೊಮಿನಿಕನ್ ಗಣರಾಜ್ಯದಲ್ಲಿಯೂ ತಯಾರಿಸಿ ಅಮೆರಿಕದಲ್ಲಿ ಮಾರಲಾಗುತ್ತಿದೆ. ಮಣ್ಣು ಬೇರೆ, ಎಲೆ ಬೇರೆ, ತಯಾರಕರು ಬೇರೆ. ಹೆಸರು ಮಾತ್ರ ಒಂದೇ. ಒಂದು ಹೆಸರಿಗೆ ಇಬ್ಬರು ಒಡೆಯರಾದ ಬಗೆ ಕುತೂಹಲಕರವಾಗಿದೆ. ತಂಬಾಕು ಆರೋಗ್ಯಕ್ಕೆ ಹಾನಿಕರ ಎಂಬುದರಲ್ಲಿ ಎರಡು ಮಾತಿಲ್ಲ. ಭಾರತದಲ್ಲಿ 2003ರ ಕಾಯಿದೆಯು ಅದರ ಜಾಹೀರಾತನ್ನು ನಿಷೇಧಿಸಿದೆ. ಆದರೂ ಈ ಹೆಸರುಗಳ ಇತಿಹಾಸವು ಯಾವುದೇ ಸರಕಿನ ಉದ್ಯಮಿಗೂ ಉಪಯುಕ್ತವಾದುದು.

ಗುಣಮಟ್ಟದ ಪರೀಕ್ಷೆ

ಉತ್ತಮ ದರ್ಜೆಯ ಸಿಗಾರ್‌ನಲ್ಲಿ ಮೂರು ಬಗೆಯ ಎಲೆಗಳಿರುತ್ತವೆ. ಒಳಗೆ ತುಂಬುವ ಉದ್ದನೆಯ ಎಲೆಗಳು, ಅವುಗಳನ್ನು ಹಿಡಿದಿಡುವ ಕಟ್ಟೆಲೆ ಮತ್ತು ಹೊರಗಿನ ಹೊದಿಕೆಯ ಎಲೆ. ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ಪ್ರದೇಶವು ಈ ಬೆಳೆಗೆ ಹೆಸರಾಗಿದೆ. ಹೊದಿಕೆಯ ಎಲೆಯನ್ನು ಅಲ್ಲಿ ತೆಳುಬಟ್ಟೆಯ ಚಪ್ಪರದ ನೆರಳಿನಲ್ಲಿ ಬೆಳೆಯುತ್ತಾರೆ. ಮೂರನ್ನೂ ನುರಿತ ಕೆಲಸಗಾರರು ಕೈಯಿಂದಲೇ ಸುತ್ತುತ್ತಾರೆ.

ಪರಿಣತರು ಮೊದಲು ಸಿಗಾರ್ ಅನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ, ಟೊಳ್ಳಾಗಲೀ ಗಂಟಾಗಲೀ ಇದೆಯೇ ಎಂದು ಪರಿಶೀಲಿಸುತ್ತಾರೆ. ಹೊದಿಕೆಯ ಬಣ್ಣ ಒಂದೇ ಸಮನಾಗಿದೆಯೇ, ಹೊಗೆ ಸರಾಗವಾಗಿ ಬರುತ್ತದೆಯೇ, ತುದಿ ಓರೆಯಾಗದೆ ಉರಿಯುತ್ತದೆಯೇ ಎಂಬುದು ಅನಂತರದ ಪ್ರಶ್ನೆ. ರುಚಿಯ ವಿಚಾರದಲ್ಲಿ ಹೊಯೊ ದೆ ಮಾಂಟೆರೇ ಸೌಮ್ಯವೆಂದೂ, ಮಾಂಟೆಕ್ರಿಸ್ಟೊ ಮಧ್ಯಮದಿಂದ ತುಸು ಮೇಲೆಂದೂ, ಬೊಲಿವಾರ್ ಬಹಳ ಖಾರವೆಂದೂ ಗ್ರಾಹಕರು ಗುರುತಿಸುತ್ತಾರೆ. ಕೊಹಿಬಾದ ಕೆಲವು ಎಲೆಗಳನ್ನು ಪೀಪಾಯಿಗಳಲ್ಲಿ ಮೂರನೆಯ ಬಾರಿ ಹುದುಗಿಸುವುದರಿಂದ ಅದರ ಹೊಗೆ ಮೃದುವಾಗಿರುತ್ತದೆ.

ಹೆಸರು ಹುಟ್ಟಿದ ಬಗೆ

ಈ ಹೆಸರುಗಳು ಹುಟ್ಟಿದ ಮೂಲಗಳು ವಿವಿಧ. ಹೊಯೊ ಎಂದರೆ ತಗ್ಗು ನೆಲ. ಹೋಸೆ ಹೆನೆರ್ ಎಂಬ ಉದ್ಯಮಿ 1865ರಲ್ಲಿ ತನ್ನ ತೋಟದ ಹೆಸರನ್ನೇ ಸಿಗಾರ್‌ಗೂ ಇಟ್ಟನು. ಆ ತೋಟದ ಹೆಬ್ಬಾಗಿಲಿನ ಮೇಲೆ ಆ ಹೆಸರು ಇಂದಿಗೂ ಇದೆ. 1844ರಲ್ಲಿ ಆರಂಭವಾದ ಎಚ್. ಉಪ್ಮನ್ ಸಿಗಾರ್ ಜರ್ಮನ್ ಮೂಲದ ಬ್ಯಾಂಕ್ ಉದ್ಯಮಿಯ ಹೆಸರನ್ನು ಹೊತ್ತಿದೆ. ಆ ಮನೆತನದ ಬ್ಯಾಂಕು 1922ರಲ್ಲಿ ದಿವಾಳಿಯಾಯಿತು. ಆದರೆ ಸಿಗಾರ್‌ನ ಹೆಸರು ಬೇರೆಯವರ ಕೈ ಸೇರಿ ಉಳಿಯಿತು.

ಮಾಂಟೆಕ್ರಿಸ್ಟೊ ಹೆಸರಿನ ಹಿಂದೆ ಒಂದು ಅಪರೂಪದ ಪದ್ಧತಿಯಿದೆ. ಹವಾನಾದ ಕಾರ್ಖಾನೆಗಳಲ್ಲಿ 1865ರಿಂದ ವಾಚಕನೊಬ್ಬನು ಎತ್ತರದ ಪೀಠದಲ್ಲಿ ಕುಳಿತು, ಎಲೆ ಸುತ್ತುವ ಕೆಲಸಗಾರರಿಗೆ ಪತ್ರಿಕೆ ಹಾಗೂ ಕಾದಂಬರಿಗಳನ್ನು ಓದಿ ಹೇಳುವ ರೂಢಿ ಬೆಳೆಯಿತು. ಕೆಲಸಗಾರರು ತಮ್ಮ ಕೂಲಿಯಿಂದಲೇ ವಾಚಕನ ಸಂಬಳ ಕೊಡುತ್ತಿದ್ದರು. ಅವರ ಅಚ್ಚುಮೆಚ್ಚಿನ ಕಥೆಗಳಲ್ಲಿ ಅಲೆಕ್ಸಾಂಡರ್ ಡ್ಯೂಮಾನ ‘ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಒಂದಾಗಿತ್ತು. 1935ರಲ್ಲಿ ಅಲೊನ್ಸೊ ಮೆನೆಂದೆಸ್ ತನ್ನ ಹೊಸ ಸಿಗಾರ್‌ಗೆ ಇಟ್ಟ ಹೆಸರು ಅಲ್ಲಿಂದಲೇ ಬಂದಿತೆಂದು ಪ್ರತೀತಿ.

ಕೊಹಿಬಾ ಎಂಬುದು ಕ್ಯೂಬಾದ ಮೂಲನಿವಾಸಿಗಳಾದ ಟೈನೊ ಜನರು ಸುತ್ತಿದ ತಂಬಾಕಿನ ಎಲೆಗೆ ಬಳಸುತ್ತಿದ್ದರೆನ್ನಲಾದ ಪದ. ಫಿಡೆಲ್ ಕ್ಯಾಸ್ಟ್ರೊ ಅವರ ಅಂಗರಕ್ಷಕನೊಬ್ಬನು ಸೇದುತ್ತಿದ್ದ ಹೆಸರಿಲ್ಲದ ಸಿಗಾರ್‌ನ ಪರಿಮಳ ಅವರ ಮನಸೆಳೆಯಿತು. ಅದನ್ನು ಸುತ್ತಿದವನು ಎದುವಾರ್ದೊ ರಿವೇರಾ. 1966ರಲ್ಲಿ ಅದಕ್ಕೆ ಕೊಹಿಬಾ ಎಂಬ ಹೆಸರು ಬಂದಿತು. ಆರಂಭದಲ್ಲಿ ಅದು ವಿದೇಶಿ ಗಣ್ಯರಿಗೆ ಸಲ್ಲುವ ಕೊಡುಗೆಯಾಗಿತ್ತು. ಮಾರುಕಟ್ಟೆಗೆ ಬಂದದ್ದು 1982ರಲ್ಲಿ.

ಒಂದು ಹೆಸರು, ಇಬ್ಬರು ಒಡೆಯರು

1960ರ ಸೆಪ್ಟೆಂಬರ್‌ನಲ್ಲಿ ಕ್ಯೂಬಾ ಸರ್ಕಾರವು ಸಿಗಾರ್ ಕಾರ್ಖಾನೆಗಳನ್ನು ರಾಷ್ಟ್ರೀಕರಣಗೊಳಿಸಿತು. ಮೆನೆಂದೆಸ್ ಮನೆತನದಂತಹ ಹಲವು ಮಾಲೀಕರು ದೇಶ ತೊರೆದರು. ತೋಟ, ಕಟ್ಟಡ, ದಾಸ್ತಾನು ಎಲ್ಲವೂ ಕ್ಯೂಬಾದಲ್ಲಿ ಉಳಿದವು. ಆದರೆ ಅಮೆರಿಕದಲ್ಲಿ ನೋಂದಣಿಯಾಗಿದ್ದ ಹೆಸರುಗಳ ಮೇಲಿನ ಹಕ್ಕು ಹಳೆಯ ಮಾಲೀಕರಲ್ಲಿಯೇ ಉಳಿಯಿತು. 1962ರ ಫೆಬ್ರವರಿಯಲ್ಲಿ ಅಮೆರಿಕವು ಕ್ಯೂಬಾದೊಂದಿಗಿನ ವ್ಯಾಪಾರವನ್ನು ನಿಷೇಧಿಸಿತು. ಆ ಆದೇಶಕ್ಕೆ ಸಹಿ ಮಾಡುವ ಮುನ್ನ ಅಧ್ಯಕ್ಷ ಕೆನಡಿ ತಮಗಾಗಿ 1,200 ಉಪ್ಮನ್ ಸಿಗಾರ್‌ಗಳನ್ನು ತರಿಸಿಕೊಂಡರೆಂದು ಅವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಮುಂದೆ ಬಹಿರಂಗಪಡಿಸಿದರು. ಅಮೆರಿಕದ ಮಾರುಕಟ್ಟೆಯಲ್ಲಿ ಉಂಟಾದ ಕೊರತೆಯನ್ನು ಕಾಲಕ್ರಮದಲ್ಲಿ ತುಂಬಿದ್ದು ಹಳೆಯ ಹೆಸರನ್ನು ಹೊತ್ತ ಡೊಮಿನಿಕನ್ ಸಿಗಾರ್‌ಗಳು.

ಕೊಹಿಬಾದ ಪ್ರಕರಣ ಇದಕ್ಕಿಂತ ಭಿನ್ನ. ಅದು ಕ್ರಾಂತಿಯ ಅನಂತರ ಹುಟ್ಟಿದ ಹೆಸರು. ಹಳೆಯ ಮಾಲೀಕರ ಪ್ರಶ್ನೆಯೇ ಇರಲಿಲ್ಲ. ಕ್ಯೂಬಾದ ಸರ್ಕಾರಿ ಸಂಸ್ಥೆಯಾದ ಕ್ಯೂಬಾಟಬಾಕೊ ಹಲವು ದೇಶಗಳಲ್ಲಿ ಅದರ ನೋಂದಣಿಗೆ ಕ್ರಮ ಕೈಗೊಂಡಿತು, ಅಮೆರಿಕವನ್ನು ಬಿಟ್ಟಿತು. ವ್ಯಾಪಾರ ನಿಷೇಧವಿದ್ದರೂ ಅಲ್ಲಿ ಟ್ರೇಡ್‌ಮಾರ್ಕ್ ನೋಂದಣಿಗೆ ಅವಕಾಶವಿತ್ತು. ಅಮೆರಿಕದ ಜನರಲ್ ಸಿಗಾರ್ ಸಂಸ್ಥೆಯು 1978ರಲ್ಲಿ ಅರ್ಜಿ ಸಲ್ಲಿಸಿ, 1981ರಲ್ಲಿ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಕ್ಯೂಬಾಟಬಾಕೊ 1997ರಲ್ಲಿ ದಾವೆ ಹೂಡಿತು. 2004ರಲ್ಲಿ ಗೆದ್ದಿತು, 2005ರಲ್ಲಿ ಮೇಲ್ಮನವಿಯಲ್ಲಿ ಸೋತಿತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ಮಂಡಳಿಯು 1929ರ ಅಂತರ-ಅಮೆರಿಕ ಒಪ್ಪಂದವನ್ನು ಆಧರಿಸಿ ಜನರಲ್ ಸಿಗಾರ್‌ನ ನೋಂದಣಿಯನ್ನು ರದ್ದುಪಡಿಸಲು ಆದೇಶಿಸಿತು. ಆ ಸಂಸ್ಥೆ ಮತ್ತೆ ನ್ಯಾಯಾಲಯದ ಮೊರೆಹೊಕ್ಕಿತು. ಸಕಾಲದಲ್ಲಿ ಸಲ್ಲಿಸದ ಒಂದು ಅರ್ಜಿಯ ಪರಿಣಾಮವಾಗಿ ಕಾಲು ಶತಮಾನಕ್ಕೂ ಮೀರಿದ ವ್ಯಾಜ್ಯ ನಡೆಯಬೇಕಾಯಿತು.

ದವಿಡಾಫ್ ಹೆಸರಿನ ಕಥೆ ಇದಕ್ಕೆ ಪ್ರತಿಯಾದುದು. ಜಿನೀವಾದ ವ್ಯಾಪಾರಿ ಜಿನೊ ದವಿಡಾಫ್ ಅವರ ಹೆಸರಿನ ಸಿಗಾರ್‌ಗಳು 1960ರ ದಶಕದ ಕೊನೆಯಿಂದ ಕ್ಯೂಬಾದಲ್ಲಿ ತಯಾರಾಗುತ್ತಿದ್ದವು. ಗುಣಮಟ್ಟದ ಬಗ್ಗೆ ಭಿನ್ನಾಭಿಪ್ರಾಯ ಬಂದಾಗ ಸಂಸ್ಥೆಯು 1990ರ ಸುಮಾರಿಗೆ ತಯಾರಿಕೆಯನ್ನು ಡೊಮಿನಿಕನ್ ಗಣರಾಜ್ಯಕ್ಕೆ ವರ್ಗಾಯಿಸಿತು. ಹೆಸರು ತನ್ನದೇ ಆಗಿದ್ದುದರಿಂದ ಗ್ರಾಹಕರೂ ಅದರ ಜೊತೆಯಲ್ಲಿಯೇ ನಡೆದರು.

ಕರ್ನಾಟಕಕ್ಕೆ ಅನ್ವಯಿಸುವ ಮಾತು

ಕರ್ನಾಟಕದ ಸರಕುಗಳಿಗೂ ಇಂತಹ ಬೆಲೆಬಾಳುವ ಹೆಸರುಗಳಿವೆ. ಭೌಗೋಳಿಕ ಸೂಚಿಕೆಗಳ ಕಾಯಿದೆಯು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ಮೇಲೆ ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಚನ್ನಪಟ್ಟಣದ ಗೊಂಬೆ, ಬಿದರಿ ಕಲೆ, ಇಳಕಲ್ ಸೀರೆ ಮುಂತಾದವು ಅದರಡಿ ನೋಂದಣಿಯಾಗಿವೆ. ಇದು ಸಂತೋಷದ ಸಂಗತಿ. ಆದರೆ ಈ ನೋಂದಣಿಯ ರಕ್ಷಣೆ ಭಾರತದ ಎಲ್ಲೆಯೊಳಗೆ ಮಾತ್ರ. ಟ್ರೇಡ್‌ಮಾರ್ಕ್‌ಗೂ ಇದೇ ನಿಯಮ. ಎರಡನ್ನೂ 10 ವರ್ಷಗಳಿಗೊಮ್ಮೆ ನವೀಕರಿಸಬೇಕು.

ಆದುದರಿಂದ ರಫ್ತು ಮಾಡಬಯಸುವ ಉದ್ಯಮಿಯು, ಸಣ್ಣವನಾಗಲೀ ದೊಡ್ಡವನಾಗಲೀ, ಸರಕು ಕಳುಹಿಸುವ ಮೊದಲೇ ಆ ದೇಶದಲ್ಲಿ ತನ್ನ ಹೆಸರಿನ ನೋಂದಣಿಗೆ ಅರ್ಜಿ ಸಲ್ಲಿಸುವುದು ಲೇಸು. ಇಂದು ಮಾರುಕಟ್ಟೆಯಿಲ್ಲದ ದೇಶವೇ ನಾಳೆ ದೊಡ್ಡ ಗ್ರಾಹಕನಾಗಬಹುದು. ಆಗ ಎಚ್ಚೆತ್ತುಕೊಳ್ಳುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಕೊಹಿಬಾದ ಒಡೆಯರು ಈ ಪಾಠಕ್ಕೆ ತೆತ್ತ ಬೆಲೆಗೆ ಹೋಲಿಸಿದರೆ ಅರ್ಜಿಯ ಶುಲ್ಕ ಅತ್ಯಲ್ಪ.