ಹಾರರೂಪದ ಒಂದು ಸಂಖ್ಯೆ: 12345654321ರ ರೂಪ ಮತ್ತು ಸ್ವಭಾವ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಗುಣಾಕಾರವನ್ನು ವಿವರಿಸುವಾಗ ಆಚಾರ್ಯನು ಕೊಡುವ ಉದಾಹರಣೆಗಳಲ್ಲಿ ಕೆಲವು ಗುಣಲಬ್ಧಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುತ್ತವೆ. 139 × 109 = 15151 ಎಂಬುದು ಅಂತಹದೊಂದು. ಇಂತಹ ಸಂಖ್ಯೆಗಳನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 27994681 × 441 = 12345654321 ಎಂಬುದು ಈ ಗುಂಪಿಗೆ ಸೇರಿದ ಇನ್ನೊಂದು ಉದಾಹರಣೆ. 1234 ಕೋಟಿಯನ್ನು ಮೀರಿದ ಈ ಸಂಖ್ಯೆಯ ಲಕ್ಷಣಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು ರೂಪಲಕ್ಷಣ. ಈ ಸಂಖ್ಯೆಯು 111111ರ ವರ್ಗ. ಗುಣಿಸುವಾಗ ನಡುವಣ ಸ್ಥಾನದ ಮೊತ್ತ 6 ಮಾತ್ರ ಆಗುವುದರಿಂದ ಯಾವ ಸ್ಥಾನದಿಂದಲೂ ಮುಂದಿನ ಸ್ಥಾನಕ್ಕೆ ಏನನ್ನೂ ಒಯ್ಯಬೇಕಾಗುವುದಿಲ್ಲ. ಅಂಕಿಗಳು ಏರಿ ಇಳಿಯುವ ಅಂದಕ್ಕೆ ಇದೇ ಕಾರಣ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಡೆಯುತ್ತದೆ. ಹತ್ತು ಒಂದುಗಳ ವರ್ಗವಾದ 1234567900987654321ರಲ್ಲಿ ಹಾರ ಕಡಿಯುತ್ತದೆ. ಆದ್ದರಿಂದ ಈ ಗುಣವು ದಶಮಾನ ಬರವಣಿಗೆಯನ್ನು ಅವಲಂಬಿಸಿದೆ.

ಎರಡನೆಯದು ಸ್ವಭಾವಲಕ್ಷಣ. ಇದು ಬರವಣಿಗೆಯ ಪದ್ಧತಿ ಬದಲಾದರೂ ಬದಲಾಗದು. 111111 = 3 × 7 × 11 × 13 × 37. ಇದರ ವರ್ಗದಲ್ಲಿ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಎರಡು ಬಾರಿ ಬರುತ್ತದೆ. ಯಾವುದೇ ಭಾಜಕದಲ್ಲಿ ಪ್ರತಿಯೊಂದು ಅಪವರ್ತನವೂ ಬಾರದಿರಬಹುದು, ಒಮ್ಮೆ ಬರಬಹುದು ಅಥವಾ ಎರಡು ಬಾರಿ ಬರಬಹುದು; ಆದಕಾರಣ ಭಾಜಕಗಳ ಒಟ್ಟು ಸಂಖ್ಯೆ 3 × 3 × 3 × 3 × 3 = 243. ಆಚಾರ್ಯನ ಎರಡು ಗುಣಕಗಳೂ ಪೂರ್ಣವರ್ಗಗಳೇ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ.

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ಸಂಖ್ಯೆಗಿಂತ ಕಡಿಮೆಯಾದರೆ ಅದು ನ್ಯೂನ, ಸಮವಾದರೆ ಪರಿಪೂರ್ಣ, ಹೆಚ್ಚಾದರೆ ಅಧಿಕ ಸಂಖ್ಯೆ. ನಮ್ಮ ಸಂಖ್ಯೆಯ 242 ಭಾಜಕಗಳ ಮೊತ್ತ 13029870672. ಅದು ಮೂಲ ಸಂಖ್ಯೆಗಿಂತ 684216351ರಷ್ಟು ಹೆಚ್ಚು. ಹೀಗಾಗಿ ಇದು ಅಧಿಕ ಸಂಖ್ಯೆ. ಬೆಸ ಸಂಖ್ಯೆಗಳಲ್ಲಿ ಇಂತಹವು ವಿರಳ. ಅವುಗಳಲ್ಲಿ ಮೊದಲನೆಯದೇ 945.

ಈ ಎರಡು ಬಗೆಯ ಲಕ್ಷಣಗಳನ್ನು ಬೆರೆಸದಿರುವುದು ಗಣಿತದ ಇತಿಹಾಸಕಾರನ ಹೊಣೆ. ಗ್ರಂಥದ ಈ ಉದಾಹರಣೆಯಲ್ಲಿರುವುದು ಗುಣಾಕಾರ ಮತ್ತು ರೂಪಸೌಂದರ್ಯ. ಅಧಿಕ ಸಂಖ್ಯೆಯೆಂಬ ವರ್ಗೀಕರಣವು ಇಂದು ನಾವು ಸೇರಿಸಿದ್ದು. ಅದನ್ನು ಆಚಾರ್ಯನ ಮೇಲೆ ಆರೋಪಿಸಬೇಕಾಗಿಲ್ಲ. ಸ್ಥಾನಬೆಲೆಯ ಪದ್ಧತಿಯನ್ನು ಆಭರಣದಂತೆ ನಿರ್ವಹಿಸಬಲ್ಲ ಹಿಡಿತ ಅವನಿಗಿತ್ತು ಎಂಬುದಕ್ಕೆ ಈ ಹನ್ನೊಂದು ಅಂಕಿಗಳೇ ಸಾಕ್ಷಿ.